ಮೊದಲ ಫೋನು ನನಗಲ್ಲ

ಪುಟ್ಟಿ,

ಫೋನಿನಲ್ಲಿ ಹೇಳಿದರೆ ನೀನು "ಹೂಂ ಅಮ್ಮ, ಹೂಂ ಅಮ್ಮ" ಅಂತ ಬೇರೇನೋ ನೋಡಿಕೊಂಡು ಕೂತಿರುತ್ತೀಯ. ಅದಕ್ಕೇ ಈ ಕಾಗದ. ಕಳಲೆ ಉಪ್ಪಿನಕಾಯಿ ಡಬ್ಬಿಯ ಜೊತೆ ಬಸ್ಸಿಗೆ ಹಾಕುತ್ತಿದ್ದೇನೆ. ಡಬ್ಬಿ ತೆಗೆಯುವ ಮೊದಲು ಓದು ಅಂದರೆ ನೀನು ಕೇಳುವವಳಲ್ಲ. ಆಗಲಿ, ಕೈ ತೊಳೆದುಕೊಂಡ ಮೇಲಾದರೂ ಓದು.

ಗುರುವಾರ ಸಂಜೆ ನಿನ್ನ ಫೋನು ಬಂದಾಗ ನಾನು ತೋಟದ ಕೂಲಿಯವರ ಲೈನ್ ಮನೆಯಲ್ಲಿ ಬಾಣಂತಿ ನೋಡಲು ಹೋಗಿದ್ದೆ. ತಗಡಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ನೀನು ಹೇಳಿದ್ದು ಅರ್ಧ ಕೇಳಿಸಲೇ ಇಲ್ಲ. "ಅಮ್ಮಾ... ಬಿದ್ಲು... ಅಮ್ಮಾ ಬೇಗ..." ಯಾರು ಬಿದ್ದದ್ದು, ಎಲ್ಲಿ, ಒಂದೂ ತಿಳಿಯದೆ ನೀನೇ ಬಿದ್ದೆಯೋ ಏನೋ ಎಂದು ನನ್ನ ಕೈಕಾಲು ತಣ್ಣಗಾದವು. ನಿನ್ನ ರೂಮಿನ ಹುಡುಗಿಗೆ ಫಿಟ್ಸ್ ಬಂದಿದೆ ಎಂದು ತಿಳಿಯುವಷ್ಟರಲ್ಲಿ ಎರಡು ನಿಮಿಷ ಹೋಗಿತ್ತು. "108ಕ್ಕೆ ಮಾಡೆ" ಅಂದೆ. "ನಂಗಾಗಲ್ಲ, ನೀನೇ ಮಾಡು" ಅಂದೆ ನೀನು.

ಮಾಡಿದೆ. ಮೂಡಿಗೆರೆ ತಾಲೂಕಿನ ಕಾಫಿ ತೋಟದೊಳಗೆ ನಿಂತುಕೊಂಡು ಹಾಸನದ ಪಿ.ಜಿ.ಗೆ ಆಂಬುಲೆನ್ಸ್ ಕರೆದೆ! ಆ ಕಡೆಯ ಹುಡುಗಿ ಸಮಾಧಾನವಾಗಿಯೇ ಕೇಳಿದಳು, "ಯಾವ ಏರಿಯಾ ಮೇಡಂ?" ಸಾಲಗಾಮೆ ರಸ್ತೆ ಅಂದೆ. "ಯಾವ ಕ್ರಾಸ್? ಹತ್ರ ಏನಿದೆ?" ಗೊತ್ತಿಲ್ಲ. "ಪಿ.ಜಿ. ಹೆಸರು?" ಅದೂ ಗೊತ್ತಿಲ್ಲ, ನಾನು 'ಆಂಟಿ ಪಿ.ಜಿ.' ಅಂತಲೇ ಕರೆದುಕೊಂಡು ಬಂದವಳು. "ಈಗ ಉಸಿರಾಡ್ತಾ ಇದ್ದಾರಾ?" ನನಗೆ ಹೇಗೆ ಗೊತ್ತಾಗಬೇಕು? ಆಶಾ ಕಾರ್ಯಕರ್ತೆಯ ಕೆಲಸಕ್ಕೆ ಸೇರಿದಾಗಿನಿಂದ ಎಷ್ಟು ಸಲ 108ಕ್ಕೆ ಫೋನು ಮಾಡಿದ್ದೇನೋ ಲೆಕ್ಕವಿಲ್ಲ, ಅವತ್ತು ಮಾತ್ರ ಮೂಗಿಯ ಹಾಗೆ ನಿಂತೆ. ಅಷ್ಟರಲ್ಲಿ ನಿಮ್ಮ ಆಂಟಿ ಅವಳನ್ನು ಆಟೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ಹೋಗಿದ್ದರು. ಹುಡುಗಿ ಈಗ ಚೆನ್ನಾಗಿದ್ದಾಳೆ ಅಂದೆಯಲ್ಲ, ಅಷ್ಟು ಸಾಕು. ಅವಳಿಗೂ ಒಂದು ಸಣ್ಣ ಡಬ್ಬಿ ಇಟ್ಟಿದ್ದೇನೆ.

ಒಂದು ಮಾತು ಮುಚ್ಚಿಡುವುದಿಲ್ಲ. ಅಂಥ ಗಾಬರಿಯಲ್ಲಿ ನಿನಗೆ ಮೊದಲು ನೆನಪಾದದ್ದು ನಾನು ಅಂತ ರಾತ್ರಿ ಮಲಗಿದಾಗ ಒಳಗೊಳಗೇ ಖುಷಿಯಾಯಿತು. ಆ ಖುಷಿಯ ಹಿಂದೆಯೇ ಹಳೆಯದೊಂದು ನೆನಪಾಗಿ ನಿದ್ದೆ ಬರಲಿಲ್ಲ.

ನಿನ್ನ ಅಜ್ಜ ಹೋದದ್ದು 2011ರ ಮಳೆಗಾಲದಲ್ಲಿ. ನಿನಗಾಗ ಐದು ವರ್ಷ. ಎದೆನೋವು ಬಂತು, ಆಸ್ಪತ್ರೆ ದಾರಿಯಲ್ಲೇ ಹೋದರು ಅಂತ ನಿನಗೆ ಹೇಳಿದ್ದೇವೆ. ಅದು ಸುಳ್ಳಲ್ಲ, ಪೂರ್ತಿಯೂ ಅಲ್ಲ. ರಾತ್ರಿ ಹತ್ತರ ಹೊತ್ತಿಗೆ ಮಾವ "ಎದೆ ಮೇಲೆ ಕಲ್ಲು ಹೇರಿದಂಗೆ ಆಗ್ತಿದೆ" ಅಂದರು, ಮೈಯೆಲ್ಲ ಬೆವರು. ನಿಮ್ಮಪ್ಪ ಊರಲ್ಲಿರಲಿಲ್ಲ. ನಾನು ಆಶಾ ಆಗಿ ಎರಡು ವರ್ಷವಾಗಿತ್ತು. 108 ಅನ್ನುವ ನಂಬರನ್ನು ಊರಿನ ಗೋಡೆಗೋಡೆಗೆ ಅಂಟಿಸಿದವಳೇ ನಾನು. ಮೊದಲು ಯಾರಿಗೆ ಫೋನು ಮಾಡಿದೆ ಹೇಳು? ಮಂಗಳೂರಿನಲ್ಲಿದ್ದ ನನ್ನ ಅಣ್ಣನಿಗೆ. ಚಾರ್ಮಾಡಿ ಘಾಟಿ ಹತ್ತಿ ಬರಬೇಕಾದವನು, ಆ ಮಳೆಯಲ್ಲಿ ಏನು ತಾನೇ ಮಾಡಿಯಾನು? ಆಮೇಲೆ ನಿಮ್ಮಪ್ಪನಿಗೆ. ಆಮೇಲೆ ಜೀಪಿನವನಿಗೆ, ಅವನ ಫೋನು ಸ್ವಿಚ್ ಆಫ್. ಆಮೇಲೆ ಪಂಚಾಯ್ತಿ ಮೆಂಬರಿಗೆ. ಇಪ್ಪತ್ತು ನಿಮಿಷ ಕಳೆದ ಮೇಲೆ 108.

ಹೋಗಲಿ, ಆಗಲಾದರೂ ಸರಿಯಾಗಿ ಮಾತಾಡಿದೆನೇ? "ನಮ್ಮ ಮಾವನಿಗೆ ಎದೆನೋವು, ಬೇಗ ಬನ್ನಿ, ಕೊಟ್ಟಿಗೆಹಾರದ ಹತ್ರ, ಗೌಡ್ರ ತೋಟ, ಬೇಗ ಬನ್ನಿ" ಅಂದು ಇಟ್ಟುಬಿಟ್ಟೆ. ನಮ್ಮ ಕಡೆ ಯಾವ ತೋಟ ಗೌಡ್ರದಲ್ಲ? ಮೂಡಿಗೆರೆಯಿಂದ ಬಂದ ಗಾಡಿ ಕೊಟ್ಟಿಗೆಹಾರದ ಸರ್ಕಲ್‌ನಲ್ಲಿ ನಿಂತಿತ್ತಂತೆ. ಅಲ್ಲಿಂದ ಒಂದು ದಾರಿ ಚಾರ್ಮಾಡಿಗೆ, ಇನ್ನೊಂದು ಕಳಸ ಹೊರನಾಡಿಗೆ. ಎತ್ತ ಹೋಗಬೇಕು ಎಂದು ಕೇಳಲು ಅವರು ನನಗೆ ಮೇಲಿಂದ ಮೇಲೆ ಫೋನು ಮಾಡುತ್ತಿದ್ದಾರೆ, ನಾನು ಇತ್ತ ಚಿಕ್ಕಮ್ಮನಿಗೆ, ಅತ್ತಿಗೆಗೆ, ಭಾವನಿಗೆ ಸುದ್ದಿ ಮುಟ್ಟಿಸುತ್ತಿದ್ದೇನೆ. ನನ್ನ ಲೈನು ಎಂಗೇಜು. ಗಾಡಿ ಬಂದದ್ದು ಬಹಳ ತಡವಾಗಿ. ಮೊದಲೇ ಬಂದಿದ್ದರೆ ಮಾವ ಉಳಿಯುತ್ತಿದ್ದರೇ ಎಂದು ನಾನು ಡಾಕ್ಟರನ್ನು ಕೇಳಲಿಲ್ಲ. ಈಗಲೂ ಯಾರನ್ನೂ ಕೇಳಿಲ್ಲ. ಗಾಡಿಯಲ್ಲಿ ರೋಗಿಯನ್ನು ನೋಡಿಕೊಳ್ಳುವ ಇಎಂಟಿ ಹುಡುಗ ಮಾತ್ರ ಸ್ಟ್ರೆಚರ್ ಇಳಿಸುವಾಗ "ಅಕ್ಕಾ, ನಿಮ್ ಫೋನ್ ಸಿಗಲೇ ಇಲ್ಲ" ಅಂದ. ಬೈದದ್ದಲ್ಲ, ಸುಮ್ಮನೆ ಹೇಳಿದ. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ಆದ್ದರಿಂದ ಪುಟ್ಟಿ, ಮೊದಲ ಫೋನು ನನಗಲ್ಲ. ಬಂದು ಎತ್ತಿಕೊಂಡು ಹೋಗಬಲ್ಲವರಿಗೆ ಮೊದಲು. ನನಗೆ ಆಮೇಲೆ.

ನಂಬರಿನ ವಿಷಯ ನಿನಗೆ ಗೊತ್ತಿದ್ದದ್ದೇ, ಬೇಗ ಮುಗಿಸುತ್ತೇನೆ. ಪೊಲೀಸ್, ಬೆಂಕಿ, ಆಂಬುಲೆನ್ಸ್ ಯಾವುದು ಬೇಕಾದರೂ 112 ಒಂದನ್ನೇ ನೆನಪಿಟ್ಟುಕೊಂಡರೆ ನಡೆಯುತ್ತದೆ. ಕಾಯಿಲೆ, ಹೆರಿಗೆ, ಅಪಘಾತ ಅಂದರೆ ನಮ್ಮ ಕೈ ತಾನಾಗಿ 108 ಒತ್ತುತ್ತದೆ, ಅದೂ ಸರಿ. 108 ನಮ್ಮ ರಾಜ್ಯದಲ್ಲಿ ಶುರುವಾದದ್ದು 2008ರ ನವೆಂಬರ್ 1ಕ್ಕೆ, ರಾಜ್ಯೋತ್ಸವದ ದಿನ. ನೀನು ಹುಟ್ಟುವಾಗ ಅದಿರಲಿಲ್ಲ. ತೋಟದ ಜೀಪಿನಲ್ಲಿ ಗೊಬ್ಬರದ ಚೀಲದ ಪಕ್ಕ ಕೂತು ಮೂಡಿಗೆರೆಗೆ ಹೋಗಿದ್ದೆ. ಪ್ರತಿ ತಿರುವಿನಲ್ಲೂ ನಿಮ್ಮಪ್ಪ ಡ್ರೈವರಿಗೆ ಒಮ್ಮೆ "ಬೇಗ" ಅನ್ನುವುದು, ಒಮ್ಮೆ "ಮೆಲ್ಲಗೆ" ಅನ್ನುವುದು. ಕೊನೆಗೆ ಡ್ರೈವರ್ ರೇಗಿ, "ಎರಡ್ರಲ್ಲಿ ಒಂದು ಹೇಳಿ ಮಾರಾಯ್ರೆ" ಅಂದಿದ್ದ. ಬೆಂಕಿಗೆ 101, ಕರೆಂಟಿಗೆ 1912, ಹೆಣ್ಣುಮಕ್ಕಳಿಗೆ 181, ಮಕ್ಕಳಿಗೆ 1098, ಕಾಡುಪ್ರಾಣಿ ಬಂದರೆ ಅರಣ್ಯ ಇಲಾಖೆಗೆ 1926. ಹಾಸನದ ಪಿ.ಜಿ.ಗೆ ಆನೆ ಬರಲಿಕ್ಕಿಲ್ಲ, ಸಕಲೇಶಪುರದ ಕಡೆ ಗೆಳತಿಯರ ಮನೆಗೆ ಹೋದರೆ ಬೇಕಾದೀತು.

ನಾನು ಹೇಳಬೇಕಾದದ್ದು ನಂಬರ್ ಒತ್ತಿದ ಮೇಲಿನದು.

ಊರು ಮೊದಲು ಹೇಳು. ಏನಾಯಿತು ಅನ್ನುವುದು ಆಮೇಲೆ. ನಾಲಿಗೆಗೆ ಮೊದಲು ಬರುವುದು "ಅಯ್ಯೋ ಬಿದ್ಬಿಟ್ಲು" ಅಂತಲೇ, ಗೊತ್ತು. ಆದರೆ ಲೈನು ಯಾವಾಗ ಕಟ್ ಆಗುತ್ತದೋ ಹೇಳಲಾಗುವುದಿಲ್ಲ. ನಮ್ಮ ಕಡೆಯಂತೂ ಮಳೆಗಾಲದಲ್ಲಿ ಕರೆಂಟು ಹೋದರೆ ಟವರಿನ ಬ್ಯಾಟರಿ ಇರುವಷ್ಟು ಹೊತ್ತೇ ಸಿಗ್ನಲ್. "ಹಾಸನ ಜಿಲ್ಲೆ, ಹಾಸನ ಟೌನ್, ಸಾಲಗಾಮೆ ರಸ್ತೆ, ಇಂಥ ಕ್ರಾಸ್, ಇಂಥ ಅಂಗಡಿ ಎದುರು" ಎಂದು ಹೇಳಿ ಮುಗಿಸುವಷ್ಟರಲ್ಲಿ ಕಟ್ ಆದರೂ ಹುಡುಕಿಕೊಂಡು ಬರಬಹುದು. ಏನಾಯಿತೆಂದು ಪೂರ್ತಿ ಹೇಳಿ ಊರು ಹೇಳುವ ಮೊದಲು ಕಟ್ ಆದರೆ ಹೇಳಿದ್ದಷ್ಟೂ ದಂಡ.

ಜಿಲ್ಲೆ ಯಾಕೆ ಹೇಳಬೇಕು ಅಂತೀಯ? ಫೋನೆತ್ತುವವರು ಕೂತಿರುವುದು ಬೆಂಗಳೂರಿನಲ್ಲಿ. ಅವರಿಗೆ ನಮ್ಮೂರ ಹಲಸಿನ ಮರವೂ ಗೊತ್ತಿಲ್ಲ, ನಿಮ್ಮ ಪಿ.ಜಿ. ಆಂಟಿಯೂ ಗೊತ್ತಿಲ್ಲ. ಕುವೆಂಪು ನಗರ ಹಾಸನದಲ್ಲೂ ಇದೆ, ಮೈಸೂರಿನಲ್ಲೂ ಇದೆ. ಹೊಸಹಳ್ಳಿ ಅನ್ನುವ ಊರು ಎಷ್ಟಿವೆಯೋ ದೇವರಿಗೇ ಗೊತ್ತು. ಅದಕ್ಕೆ ಜಿಲ್ಲೆ, ತಾಲೂಕು, ಊರು, ಆಮೇಲೆ ಗುರುತು. ಗುರುತು ಅಂದರೆ ರಾತ್ರಿ ಹೊತ್ತು ಗಾಡಿಯೊಳಗೆ ಕೂತವನಿಗೆ ಕಾಣುವಂಥದ್ದು. ದೇವಸ್ಥಾನ, ಪೆಟ್ರೋಲ್ ಬಂಕ್, ಶಾಲೆ, ಸೇತುವೆ. "ಹಸಿರು ಗೇಟು" ಅಂದರೆ ಕತ್ತಲಲ್ಲಿ ಯಾವ ಬಣ್ಣವೋ! ಘಾಟಿಯಲ್ಲಿ ಏನಾದರೂ ಆದರೆ ರಸ್ತೆ ಬದಿಯ ಕಿಲೋಮೀಟರ್ ಕಲ್ಲು ನೋಡಿ ಓದು, ಯಾವ ಕಡೆಗೆ ಹೋಗುತ್ತಿದ್ದಿರಿ ಅನ್ನುವುದನ್ನೂ ಹೇಳು. ಚಾರ್ಮಾಡಿಯಲ್ಲಿ ಮೇಲಿನ ಭಾಗ ಚಿಕ್ಕಮಗಳೂರು ಜಿಲ್ಲೆಗೆ, ಕೆಳಗಿನದು ದಕ್ಷಿಣ ಕನ್ನಡಕ್ಕೆ. "ಘಾಟಿಯಲ್ಲಿದ್ದೀವಿ" ಅಂದರೆ ಮೂಡಿಗೆರೆಯಿಂದ ಬರಬೇಕೋ ಬೆಳ್ತಂಗಡಿಯಿಂದಲೋ ಅಂತ ಅವರು ತಲೆ ಕೆಡಿಸಿಕೊಳ್ಳಬೇಕಾಗುತ್ತದೆ.

ಆಮೇಲೆ ಯಾರಿಗೆ, ಏನು. ಗುರುವಾರ ನೀನು ಹೀಗೆ ಹೇಳಿದ್ದರೆ ಸಾಕಿತ್ತು: "ಹುಡುಗಿ, ಹತ್ತೊಂಬತ್ತು ವರ್ಷ. ಫಿಟ್ಸ್ ಬಂದಿದೆ. ಮೂರು ನಿಮಿಷ ಆಯ್ತು, ನಿಂತಿಲ್ಲ. ಉಸಿರಾಡ್ತಿದ್ದಾಳೆ. ಕರೆದರೆ ಮಾತಾಡ್ತಿಲ್ಲ. ಮುಂಚೆ ಬಂದಿತ್ತೋ ಇಲ್ವೋ ಗೊತ್ತಿಲ್ಲ." ಗೊತ್ತಿಲ್ಲ ಅನ್ನುವುದೂ ಒಂದು ಉತ್ತರವೇ. ಗೊತ್ತಿಲ್ಲದ್ದನ್ನು ಊಹಿಸಿ ಹೇಳುವುದೇ ತೊಂದರೆ.

ಫಿಟ್ಸ್ ಮಾತು ಬಂದದ್ದಕ್ಕೆ ಹೇಳಿಬಿಡುತ್ತೇನೆ, ನಿಮ್ಮ ಆಂಟಿ ಅವಳ ಕೈಗೆ ಬೀಗದ ಕೈ ಗೊಂಚಲು ಹಿಡಿಸಿದರು ಅಂದೆಯಲ್ಲ. ನಮ್ಮಲ್ಲೂ ಹಾಗೇ, ಕಬ್ಬಿಣ ಹಿಡಿಸುತ್ತಾರೆ, ಚಪ್ಪಲಿ ಮೂಸಿಸುತ್ತಾರೆ, ಈರುಳ್ಳಿ ಜಜ್ಜುತ್ತಾರೆ. ಅದರಿಂದ ಫಿಟ್ಸ್ ನಿಲ್ಲುವುದಿಲ್ಲ, ಹೆಚ್ಚಿನಂಶ ತಾನಾಗಿಯೇ ನಿಲ್ಲುತ್ತದೆ. ಕೆಟ್ಟದ್ದು ಅಂದರೆ ಬಾಯಿಗೆ ಚಮಚ, ಬಟ್ಟೆ ತುರುಕುವುದು, ನೀರು ಹಾಕುವುದು. ಬಿಗಿಯಾಗಿ ಅದುಮಿ ಹಿಡಿಯಲೂ ಬಾರದು. ಸುತ್ತಲಿನ ಸಾಮಾನು ಸರಿಸಿ, ತಲೆಯಡಿ ಮೆತ್ತಗಿನದ್ದೇನಾದರೂ ಇಟ್ಟು, ಒಂದು ಮಗ್ಗುಲಿಗೆ ತಿರುಗಿಸಿ, ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ, ಅಥವಾ ಎಚ್ಚರವಾಗದೆ ಮತ್ತೊಂದು ಸಲ ಬಂದರೆ, ಆಸ್ಪತ್ರೆಯೇ ಗತಿ. ನೀನು ಸಮಯ ನೋಡಿರಲಿಲ್ಲ. ನಾನೂ ಕೇಳಲಿಲ್ಲ.

ಜನ ಬೇಜಾರು ಮಾಡಿಕೊಳ್ಳುವುದು ಅವರು ಕೇಳುವ ಪ್ರಶ್ನೆಗಳಿಗೆ. "ಬರೋದು ಬಿಟ್ಟು ಪುರಾಣ ಕೇಳ್ತಾರೆ" ಅಂತ ನಮ್ಮೂರಲ್ಲಿ ದಿನಾ ಬೈಗುಳ. ಫೋನಿನಲ್ಲಿ ಮಾತಾಡುವವರೇ ಗಾಡಿ ಓಡಿಸಿಕೊಂಡು ಬರುವುದಿಲ್ಲವಲ್ಲ! ಹೆರಿಗೆ ಅಂದರೆ ಎಷ್ಟು ತಿಂಗಳು, ಚೊಚ್ಚಲೋ, ನೀರು ಹೋಗಿದೆಯೋ, ನೋವು ಎಷ್ಟು ಹೊತ್ತಿಗೊಮ್ಮೆ ಎಂದು ಕೇಳುವುದು ಸುಮ್ಮನೆ ಅಲ್ಲ. ಅದರ ಮೇಲೆಯೇ ಗಾಡಿಯಲ್ಲಿ ಬರುವವರು ಏನು ತಯಾರು ಮಾಡಿಕೊಳ್ಳಬೇಕು ಅನ್ನುವುದು ನಿಂತಿದೆ. ನಾನು ಬಸುರಿಯ ವಿವರ ಬರೆದಿರುವ ತಾಯಿ ಕಾರ್ಡನ್ನು ಕೈಯಲ್ಲಿ ಹಿಡಿದುಕೊಂಡೇ ಫೋನು ಮಾಡುವುದು. ಕೇಳಿದ್ದಕ್ಕಷ್ಟೇ ಉತ್ತರ ಕೊಡು, ಅವರು "ಇಡಿ" ಅನ್ನುವ ತನಕ ಇಡಬೇಡ. ಲೌಡ್ ಸ್ಪೀಕರ್ ಹಾಕಿ ಪಕ್ಕದಲ್ಲಿಟ್ಟುಕೋ, ಕೈ ಎರಡೂ ಖಾಲಿ ಇರುತ್ತವೆ. ಉಸಿರು ನಿಂತವರ ಎದೆ ಒತ್ತಬೇಕಾಗಿ ಬಂದರೆ, ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು ಸಲ ಒತ್ತಬೇಕು. ಒಂದು ಕೈಯಲ್ಲಿ ಫೋನು ಹಿಡಿದುಕೊಂಡು ಆಗುವ ಕೆಲಸವಲ್ಲ ಅದು.

ನಾನು ಕಂಡ ಹಾಗೆ ಅತಿ ಚೆನ್ನಾಗಿ ಫೋನು ಮಾಡಿದವರು ನಮ್ಮ ಪಕ್ಕದ ತೋಟದ ಮೇಸ್ತ್ರಿ. ನಾಲ್ಕನೇ ಕ್ಲಾಸೂ ಓದಿದವರಲ್ಲ. ಫೆಬ್ರವರಿಯಲ್ಲಿ ಮೆಣಸು ಕೊಯ್ಯುವಾಗ ಅಲ್ಯೂಮಿನಿಯಂ ಏಣಿಯನ್ನು ಒಂದು ಮರದಿಂದ ಇನ್ನೊಂದಕ್ಕೆ ಎತ್ತಿ ಸಾಗಿಸುತ್ತಿದ್ದ ಹುಡುಗನ ಏಣಿ ಮೇಲಿನ ಲೈನಿಗೆ ತಾಗಿತು. ಹುಡುಗ ಎಗರಿ ಬಿದ್ದ, ಏಣಿ ತಂತಿಗೇ ಒರಗಿ ನಿಂತಿತ್ತು. ಎಲ್ಲರೂ ಅವನ ಕಡೆ ಓಡಿದರು. ಮೇಸ್ತ್ರಿ ಅಡ್ಡ ನಿಂತು, "ಯಾರೂ ಹೋಗಬ್ಯಾಡಿ, ಹೋದವ್ನೂ ಅಲ್ಲೇ" ಎಂದು ಕೂಗಿದರಂತೆ. ಒಬ್ಬನನ್ನು ಟಿ.ಸಿ. (ಟ್ರಾನ್ಸ್‌ಫಾರ್ಮರ್) ಹತ್ತಿರ ಓಡಿಸಿ, ಅದರ ಮೇಲೆ ಬರೆದ ನಂಬರು ಕೂಗಿ ಹೇಳಿಸಿಕೊಂಡು 1912ಕ್ಕೆ, ಲೈನ್‌ಮನ್‌ಗೆ. ಇನ್ನೊಬ್ಬನ ಫೋನಿನಲ್ಲಿ 108ಕ್ಕೆ. ನಾನು ಹೋಗುವಷ್ಟರಲ್ಲಿ ಅವರು ಮಾತಾಡುತ್ತಿದ್ದರು, ನಿಂತು ಕೇಳಿದೆ: "ಚಿಕ್ಕಮಗಳೂರು ಜಿಲ್ಲೆ, ಮೂಡಿಗೆರೆ ತಾಲೂಕು, ಕೊಟ್ಟಿಗೆಹಾರದಿಂದ ಕಳಸದ ದಾರಿ. ಬಸ್ ಸ್ಟಾಪಲ್ಲಿ ಕೆಂಪು ಅಂಗಿ ಹುಡುಗ ನಿಂತಿರ್ತಾನೆ. ಒಬ್ನೇ, ಗಂಡು, ಇಪ್ಪತ್ತೈದಿರ್ಬೌದು. ಕರೆಂಟ್ ಹೊಡ್ದದೆ. ಲೈನು ಇನ್ನೂ ಆಫ್ ಆಗಿಲ್ಲ, ಮುಟ್ಟೋ ಹಂಗಿಲ್ಲ. ದೂರದಿಂದ ನೋಡಿದ್ರೆ ಎದೆ ಏರಿಳೀತದೆ." ಅಷ್ಟೇ. ಅಳಲಿಲ್ಲ, ಬೈಯಲಿಲ್ಲ, ದೇವರನ್ನೂ ಕರೆಯಲಿಲ್ಲ. ಫೋನಿಟ್ಟ ಮೇಲೆ ಕಾಫಿ ಗಿಡದ ಬುಡದಲ್ಲಿ ಕುಕ್ಕರಿಸಿ ಕೂತು, ಮಗುವಿನ ಹಾಗೆ ನಡುಗಿದರು.

ಹುಡುಗ ಅಸ್ಸಾಮಿನವನು. ಬದುಕಿದ. ಒಂದು ಕೈಯ ಎರಡು ಬೆರಳು ಹೋದವು. ಅವನ ಜೊತೆಯವರಲ್ಲಿ ಒಬ್ಬರಿಗೂ ಕನ್ನಡ ಬರುತ್ತಿರಲಿಲ್ಲ, ತಾವು ಯಾವ ತಾಲೂಕಿನಲ್ಲಿದ್ದೇವೆ ಅನ್ನುವುದೂ ಗೊತ್ತಿರಲಿಲ್ಲ. ಅದನ್ನು ಕಂಡ ಮೇಲೆ ನಾನು ಲೈನ್ ಮನೆಗಳ ಗೋಡೆಯ ಮೇಲೆ ನಂಬರಿನ ಜೊತೆ ಊರು, ತಾಲೂಕು, ಜಿಲ್ಲೆಯನ್ನೂ ಬರೆಸುತ್ತಿದ್ದೇನೆ, ಹಿಂದಿಯಲ್ಲೂ. ಹಿಂದಿ ಅಕ್ಷರ ಬರೆದುಕೊಟ್ಟವಳು ನೀನೇ, ನೆನಪಿದೆಯಾ? ಯಾಕೆ ಎಂದು ಆಗ ಕೇಳಿರಲಿಲ್ಲ.

ಆ ಕೆಂಪು ಅಂಗಿ ಹುಡುಗನ ವಿಷಯ ಗಮನಿಸು. ಯಾವಾಗಲೂ ಒಬ್ಬರನ್ನು ರಸ್ತೆಗೆ ಕಳಿಸಬೇಕು, ರಾತ್ರಿಯಾದರೆ ಟಾರ್ಚ್ ಕೊಟ್ಟು. ಗೇಟು ತೆಗೆಸಿಡಬೇಕು. ತೋಟದ ಮನೆಯಾದರೆ ನಾಯಿ ಕಟ್ಟಿಸಬೇಕು. ನಗಬೇಡ, ನಾಯಿಗೆ ಹೆದರಿ ಇಎಂಟಿ ಅಂಗಳದಾಚೆ ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ. ನಿಮ್ಮಲ್ಲಿ ನಾಯಿ ಇಲ್ಲ, ಆದರೆ ರಾತ್ರಿ ಹತ್ತಕ್ಕೆ ಕಬ್ಬಿಣದ ಬಾಗಿಲಿಗೆ ಬೀಗ ಬೀಳುತ್ತದೆ. ಅದರ ಕೀಲಿ ಯಾರ ಹತ್ತಿರ ಇರುತ್ತದೆ, ಅವರು ಮಲಗುವುದು ಎಲ್ಲಿ ಎಂದು ಇವತ್ತೇ ಕೇಳಿಟ್ಟುಕೋ.

ಫೋನಿಟ್ಟ ಮೇಲೆ ಲೈನು ಖಾಲಿ ಬಿಡು. ಡ್ರೈವರ್ ವಾಪಸ್ ಮಾಡುತ್ತಾರೆ, ಅದು ಗುರುತಿಲ್ಲದ ನಂಬರಿನಿಂದ ಬರುತ್ತದೆ. ನೀವೆಲ್ಲ ಗುರುತಿಲ್ಲದ ನಂಬರ್ ಎತ್ತುವುದಿಲ್ಲವಂತೆ, ಎಷ್ಟೋ ಸಲ ನಮ್ಮ ಪಿಎಚ್‌ಸಿಯ (ಪ್ರಾಥಮಿಕ ಆರೋಗ್ಯ ಕೇಂದ್ರದ) ಫೋನಿನಿಂದ ಮಾಡಿದರೂ ನೀನು ಎತ್ತಿಲ್ಲ. ಅವತ್ತೊಂದು ದಿನ ಎತ್ತು. ಅವರದು ಮೊಬೈಲ್ ನಂಬರಾದರೆ ಲೋಕೇಶನ್ ಕಳಿಸು. ಅದನ್ನೇ ಪೂರ್ತಿ ನಂಬಬೇಡ. ನಮ್ಮ ಮನೆಗೆ ಮ್ಯಾಪ್ ಹಾಕಿದವರನ್ನೆಲ್ಲ ಅದು ತೋಟದ ಹಿಂದಿನ ಹಳ್ಳಕ್ಕೆ ಇಳಿಸುತ್ತದೆ, ನಿನ್ನ ಕ್ಲಾಸಿನವರು ಬಂದಾಗ ಆದ ಫಜೀತಿ ಗೊತ್ತಲ್ಲ. ಬಾಯಿಂದಲೂ ಹೇಳು. ಬಂಧುಬಳಗಕ್ಕೆ ಹೇಳಬೇಕೆಂದಿದ್ದರೆ ಇನ್ನೊಬ್ಬರ ಫೋನಿನಿಂದ.

ಇನ್ನೊಂದು, ನಾಚಿಕೆ. ಇದನ್ನು ಬರೆಯಲೋ ಬೇಡವೋ ಎಂದು ಸ್ವಲ್ಪ ಹೊತ್ತು ಯೋಚಿಸಿದೆ. ನನ್ನ ಕೆಲಸದಲ್ಲಿ ಕಂಡದ್ದು: ಮನೆಯವರು "ಹೊಟ್ಟೆನೋವು" ಎಂದು ಫೋನು ಮಾಡಿರುತ್ತಾರೆ, ಹೋಗಿ ನೋಡಿದರೆ ತೋಟಕ್ಕೆ ಹೊಡೆಯುವ ಔಷಧಿಯ ವಾಸನೆ ಬಾಯಲ್ಲಿ. ಊರಿಗೆ ತಿಳಿದೀತು, ಪೊಲೀಸ್ ಬಂದಾರು ಎಂಬ ಭಯ. ಹೊಟ್ಟೆನೋವಿನ ಔಷಧಿ ವಿಷಕ್ಕೆ ನಡೆಯುತ್ತದೆಯೇ? ಹಾಸ್ಟೆಲಿನಲ್ಲಿ, ಪಿ.ಜಿ.ಯಲ್ಲಿ ಯಾರಾದರೂ ಮಾತ್ರೆ ನುಂಗಿದ್ದರೆ ಮಾತ್ರೆ ನುಂಗಿದ್ದಾಳೆ ಅಂತಲೇ ಹೇಳು. ಯಾವುದು, ಎಷ್ಟು, ಎಷ್ಟು ಹೊತ್ತಾಯಿತು. ಖಾಲಿ ಶೀಟನ್ನೋ ಬಾಟಲಿಯನ್ನೋ ಜೊತೆಗೆ ಕಳಿಸು. ನಿನ್ನನ್ನು "ಹೇಳಬೇಡ" ಎಂದು ಅವಳು ಆಣೆ ಹಾಕಿಸಿಕೊಂಡಿದ್ದರೂ ಹೇಳು. ಆ ಆಣೆಯ ಪಾಪ ನನಗಿರಲಿ.

ಹಾವಿನ ವಿಷಯಕ್ಕೂ ಹೀಗೆಯೇ ಏನಾದರೊಂದು ಅಡ್ಡ ಬರುತ್ತದೆ. ನಾಟಿ ಔಷಧಿಯವರ ಮನೆಗೆ ಮೊದಲು, ಫೋನು ಆಮೇಲೆ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಚ್ಚಿದ್ದನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು ಎಂದಾಗಿದೆ. ಅದರ ಮೇಲೆ ನಮಗೂ ಮೀಟಿಂಗಿನಲ್ಲಿ ಹೇಳಿದ್ದರು. ಹಾವನ್ನು ಹುಡುಕಿ ಹೊಡೆದು ತರಬೇಕಾಗಿಲ್ಲ, ಬ್ಲೇಡಿನಿಂದ ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು. ಕಚ್ಚಿದ ಸಮಯ ನೆನಪಿಟ್ಟು ಹೇಳಿದರೆ ಸಾಕು.

ರಸ್ತೆ ಅಪಘಾತ ಕಂಡರೆ ಫೋನು ಮಾಡಲು ಹೆದರಬೇಡ. ನಿಮ್ಮಪ್ಪ ಈಗಲೂ "ಸಾಕ್ಷಿಗೆ ಅಲೆದಾಡಿಸ್ತಾರೆ" ಅನ್ನುವವರೇ. 2019ರಲ್ಲಿ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯಾದಾಗ ಸಹಾಯ ಮಾಡಿದವರಿಗೆ ರಕ್ಷಣೆ ಕೊಡುವ 134-ಎ ಕಲಂ ಸೇರಿದೆ. ಹೆಸರು ಹೇಳಲೇಬೇಕೆಂದು ಒತ್ತಾಯಿಸುವಂತಿಲ್ಲ. ಇದನ್ನು ಅವರಿಗೆ ಎಷ್ಟು ಸಲ ಹೇಳಿದರೂ ತಲೆಯಾಡಿಸುತ್ತಾರೆ ಅಷ್ಟೇ. ನೀನೊಮ್ಮೆ ಹೇಳಿ ನೋಡು, ನಿನ್ನ ಮಾತು ಕೇಳಿಯಾರು. ಫೋನು ಮಾಡುವಾಗ ಎಷ್ಟು ಜನಕ್ಕೆ ಪೆಟ್ಟಾಗಿದೆ, ಯಾರಾದರೂ ಒಳಗೆ ಸಿಕ್ಕಿಕೊಂಡಿದ್ದಾರೆಯೇ ಎಂದು ಹೇಳು. ಒಬ್ಬರಿಗೆ ಒಂದು ಗಾಡಿ ಸಾಕು, ಆರು ಜನಕ್ಕೆ ಸಾಲದು.

ಇನ್ನು ಹೆಣ್ಣುಮಗಳಾಗಿ ನಿನಗೆ ಬೇಕಾದೀತು ಎಂದು ಎರಡು ಮಾತು. ಮೊಬೈಲಿನ ಪವರ್ ಬಟನ್ ಮೂರು ಸಲ ಒತ್ತಿದರೆ 112ಕ್ಕೆ ಹೋಗಬೇಕೆಂದು 2016ರಲ್ಲೇ ನಿಯಮವಾಗಿದೆ. ನಿನ್ನ ಫೋನಿನಲ್ಲಿ ಮೂರೋ ಐದೋ, ಸೆಟ್ಟಿಂಗ್ಸ್‌ನಲ್ಲಿ ನೋಡಿಟ್ಟುಕೋ. ತಪ್ಪಿ ಹೋಗಿಬಿಟ್ಟರೆ ಹೆದರಿ ಕಟ್ ಮಾಡಬೇಡ, "ತಪ್ಪಿ ಒತ್ತಿದೆ ಸರ್, ಏನೂ ತೊಂದರೆಯಿಲ್ಲ" ಎಂದು ಹೇಳಿ ಇಡು. ಇಲ್ಲವಾದರೆ ಏನಾಯಿತೋ ಎಂದು ಅವರು ನಿನ್ನ ಹಿಂದೆ ಬೀಳುತ್ತಾರೆ. ಆಟೋದಲ್ಲಿ ಏನಾದರೂ ಸರಿ ಕಾಣದಿದ್ದರೆ 112ಕ್ಕೆ ಮಾಡಿ, ಗಾಡಿ ನಂಬರನ್ನು, ಯಾವ ರಸ್ತೆಯಲ್ಲಿದ್ದೀಯ ಅನ್ನುವುದನ್ನು ಜೋರಾಗಿ ಹೇಳು. ಪೊಲೀಸರಷ್ಟೇ ಅಲ್ಲ, ಮುಂದೆ ಕೂತವನಿಗೂ ಕೇಳಿಸಬೇಕು. ಗೆಳತಿಯ ಫೋನು ಲಾಕ್ ಆಗಿದ್ದರೂ ಪರದೆಯ ಕೆಳಗೆ ಎಮರ್ಜೆನ್ಸಿ ಎಂದಿರುತ್ತದೆ, ಅಲ್ಲಿಂದ ಮಾಡಬಹುದು. ಸಿಗ್ನಲ್ ಕಡ್ಡಿ ಒಂದೂ ಇಲ್ಲದಿದ್ದರೂ 112 ಒತ್ತಿ ನೋಡು, ಬೇರೆ ಕಂಪನಿಯ ಟವರ್ ಹಿಡಿದಾದರೂ ಹೋದೀತು. ನಮ್ಮ ಮನೆಯಲ್ಲಿ ಅದೂ ಇಲ್ಲದ ದಿನ ಕಣದ ಮೂಲೆಯ ನೇರಳೆ ಮರದಡಿ ಎರಡು ಕಡ್ಡಿ ಬರುತ್ತದೆ, ನಿನಗೆ ಗೊತ್ತಿರುವ ಜಾಗವೇ. ಪರೀಕ್ಷೆ ರಿಸಲ್ಟ್ ನೋಡಲು ಕೊಡೆ ಹಿಡಿದು ನಿಂತಿದ್ದೆಯಲ್ಲ, ಅಲ್ಲೇ.

ಡಬ್ಬಿಯ ಮುಚ್ಚಳದೊಳಗೆ ಒಂದು ಚೀಟಿ ಇಟ್ಟಿದ್ದೇನೆ, ಎಣ್ಣೆ ತಾಗದಿರಲಿ ಎಂದು ಪ್ಲಾಸ್ಟಿಕ್ ಕವರಿನಲ್ಲಿ. ದಪ್ಪ ಅಕ್ಷರದಲ್ಲಿ 108, 112, ಕೆಳಗೆ "ಹಾಸನ ಜಿಲ್ಲೆ, ಹಾಸನ ಟೌನ್, ಸಾಲಗಾಮೆ ರಸ್ತೆ" ಎಂದು ಬರೆದಿದ್ದೇನೆ. ಅದರ ಮುಂದಿನ ಎರಡು ಸಾಲು ಖಾಲಿ. ಇವತ್ತು ಸಂಜೆ ಚಪ್ಪಲಿ ಮೆಟ್ಟಿಕೊಂಡು ಕೆಳಗಿಳಿದು, ಕ್ರಾಸ್ ಎಷ್ಟನೆಯದು, ಮನೆ ನಂಬರೇನು, ಎದುರುಗಡೆ ಏನಿದೆ ಎಂದು ನೋಡಿ ಬರೆದು ತುಂಬು. ತುಂಬಿದ ಮೇಲೆ ಬಾಗಿಲ ಹಿಂದೆ ಅಂಟಿಸು, ಫೋಟೋ ತೆಗೆದು ನನಗೂ ಕಳಿಸು. ಆಂಟಿಗೆ ಬೇಜಾರಾಗದ ಹಾಗೆ ಕೇಳಿ ಅಂಟಿಸು, ಗೋಡೆ ಬಣ್ಣ ಹೊಸದು.

ನನ್ನ ನಂಬರ್ ಚೀಟಿಯ ಕೊನೆಯಲ್ಲಿದೆ. ಎಷ್ಟು ರಾತ್ರಿಯಾದರೂ ಎತ್ತುತ್ತೇನೆ.

ಉಪ್ಪಿನಕಾಯಿಗೆ ಒದ್ದೆ ಚಮಚ ಹಾಕಬೇಡ.

ಇಂತಿ,
ಅಮ್ಮ